ತಟ್ಟೆಯಂಥ ಕೆರೆ, ಬಾಣಲೆಯಂಥ ಕೆರೆ

ಎಲ್ಲರಿಗೂ ನಮಸ್ಕಾರ.

ನನ್ನನ್ನು ಪರಿಚಯಿಸಿದ ಗೆಳೆಯರು ‘ಮೂವತ್ತೊಂದು ವರ್ಷ ಕೆರೆಗಳ ಸೇವೆ ಮಾಡಿದವರು’ ಎಂದರು. ಸೇವೆ ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ನಾನು ಎಂಜಿನಿಯರ್. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಏರಿ ಭದ್ರ ಮಾಡಿಸಿದೆ, ತೂಬು ರಿಪೇರಿ ಮಾಡಿಸಿದೆ, ಹೂಳು ತೆಗೆಸಿದೆ, ಬಿಲ್ಲು ಬರೆದೆ. ಕೆರೆಗಳಿಗೆ ಒಳ್ಳೆಯದನ್ನು ಮಾಡಿದ್ದೇನೆ. ಕೆರೆಗಳಲ್ಲಿ ವಾಸಿಸುವವರಿಗೆ ಕೆಟ್ಟದ್ದನ್ನೂ ಮಾಡಿದ್ದೇನೆ. ಈ ಎರಡನೆಯ ಸಂಗತಿ ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ಒಂದು ಆಮೆಯಿಂದ.

ಮಂಡ್ಯ ಜಿಲ್ಲೆಯ ಒಂದು ಊರು. ಹೆಸರು ಬೇಡ, ಊರಿನವರದು ತಪ್ಪಿಲ್ಲ. ಮದುವೆಯೊಂದಕ್ಕೆ ಹೋದವನು ಸಂಜೆ ಮಳೆ ನಿಂತ ಮೇಲೆ ಕೆರೆಯ ಕಡೆ ನಡೆದೆ. ನಾನೇ ನಿಂತು ಮಾಡಿಸಿದ ಕೆಲಸವಾದ್ದರಿಂದ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ. ಕೆರೆಯ ಸುತ್ತ ನಾಲ್ಕೂ ಕಡೆ ಒಡ್ಡು, ಒಳಮೈಗೆ ಪಿಚಿಂಗ್ ಎಂಬ ಕಲ್ಲಿನ ಹೊದಿಕೆ, ಕಲ್ಲಿನ ಸಂದಿಗೆಲ್ಲ ಸಿಮೆಂಟು. ನೀರಿನಂಚಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಆಮೆಯೊಂದು ಆ ಕಲ್ಲು ಹತ್ತುತ್ತಿತ್ತು. ಕತ್ತನ್ನು ಉದ್ದಕ್ಕೆ ಚಾಚಿ, ಮುಂಗಾಲಿನ ಉಗುರನ್ನು ಕಲ್ಲಿಗೆ ಊರಿ ಒಂದು ಗೇಣು ಮೇಲಕ್ಕೆ ಬರುವುದು. ಹಿಂಗಾಲು ಪಾಚಿಯ ಮೇಲೆ ಜಾರುವುದು. ಚಿಪ್ಪು ಕರ್ರನೆ ಸದ್ದು ಮಾಡುತ್ತ ನೀರಿಗೆ ಬೀಳುವುದು. ನಾನು ನೋಡನೋಡುತ್ತಲೇ ನಾಲ್ಕು ಸಲ ಹೀಗಾಯಿತು. ಬಹುಶಃ ಅದಕ್ಕೆ ಮೊಟ್ಟೆಯಿಡಲು ಮಣ್ಣು ಬೇಕಿತ್ತು. ಆಮೆ ಬದುಕುವುದು ನೀರಿನಲ್ಲಿ, ಆದರೆ ಮೊಟ್ಟೆ ಹೂಳುವುದು ದಂಡೆಯ ಮಣ್ಣಿನಲ್ಲಿ. ಆ ಮಣ್ಣಿಗೆ ಕಲ್ಲು ಹೊದಿಸಿ, ಇಷ್ಟು ಚದರ ಮೀಟರು ಎಂದು ಕೆಲಸದ ಅಳತೆ ದಾಖಲಿಸುವ ಎಂ.ಬಿ. ಪುಸ್ತಕದಲ್ಲಿ ಬರೆದು ಸಹಿ ಹಾಕಿದವನು ನಾನು.

ನಮ್ಮ ಹಿರಿಯರು ಕೆರೆ ಕಟ್ಟಿದ ರೀತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ತಗ್ಗು ನೋಡಿ ಒಂದು ಕಡೆಗೆ ಮಾತ್ರ ಏರಿ ಹಾಕುತ್ತಿದ್ದರು. ಅಲೆ ಹೊಡೆಯುವ ಆ ಒಂದು ಮೈಗೆ ಕಲ್ಲು, ನಡುವೆ ತೂಬು, ಪಕ್ಕದಲ್ಲಿ ಕೋಡಿ. ಉಳಿದ ಮೂರು ಕಡೆಗೆ ಏನೂ ಇಲ್ಲ. ನೆಲ ತಾನಾಗಿಯೇ ನಿಧಾನವಾಗಿ ಏರುತ್ತ ಹೋಗಿ ಹೊಲದೊಳಗೆ ಕರಗುತ್ತಿತ್ತು. ಮಳೆಗಾಲದಲ್ಲಿ ನೀರು ಅಲ್ಲಿಯವರೆಗೂ ಹರಡುವುದು, ಬೇಸಗೆಯಲ್ಲಿ ಏರಿಯ ಬುಡಕ್ಕೆ ಸರಿಯುವುದು. ಅಂದರೆ ಕೆರೆ ಊಟದ ತಟ್ಟೆಯ ಹಾಗಿತ್ತು. ನಾವು ‘ಅಭಿವೃದ್ಧಿ’ ಎಂದು ಸುತ್ತಲೂ ರಿಂಗ್ ಬಂಡ್ ಹಾಕಿ, ಅಗೆದು ಆಳ ಮಾಡಿ, ಅದನ್ನು ಬಾಣಲೆ ಮಾಡಿದೆವು. ನೀರಿನ ಲೆಕ್ಕ ಸರಿಹೋಯಿತು. ಕೆಲವು ಕಡೆ ಮೊದಲಿಗಿಂತ ಹೆಚ್ಚೇ ನಿಂತಿತು. ದಂಡೆ ಮಾತ್ರ ಹೋಯಿತು.

ದಂಡೆ ಎಂದರೆ ಗೆರೆಯಲ್ಲ, ಇಳಿಜಾರು. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಹಳೆಯ ಚಾಳಿ, ಕ್ಷಮಿಸಿ. ನೆಲದ ಇಳಿಜಾರು ಇಪ್ಪತ್ತು ಅಡಿಗೆ ಒಂದು ಅಡಿ ಇದೆ ಎಂದುಕೊಳ್ಳಿ. ಕೆರೆಯ ನೀರು ಒಂದು ಅಡಿ ಇಳಿದರೆ ಇಪ್ಪತ್ತು ಅಡಿ ಅಗಲದ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ. ಪಿಚಿಂಗ್ ಮಾಡಿದ ಒಡ್ಡಿನ ಮೈ ಒಂದೂವರೆ ಅಡಿಗೆ ಒಂದು ಅಡಿ. ಅಲ್ಲಿ ನೀರು ಅದೇ ಒಂದು ಅಡಿ ಇಳಿದರೆ ತೆರೆದುಕೊಳ್ಳುವುದು ಒಂದೂವರೆ ಅಡಿ ಬಿಸಿ ಕಲ್ಲು. ನೇರ ಗೋಡೆಯಾದರೆ ಅದೂ ಇಲ್ಲ. ನಮ್ಮ ಕೆರೆಗಳು ಸಾಮಾನ್ಯವಾಗಿ ಹಿಂಗಾರಿನ ಹೊತ್ತಿಗೆ ತುಂಬಿ, ಡಿಸೆಂಬರಿನಿಂದ ಇಳಿಯಲು ಶುರುವಾಗುತ್ತವೆ. ಉತ್ತರದಿಂದ ಗೊರವ ಹಕ್ಕಿಗಳು ಬಂದಿಳಿದಿರುವುದೂ ಅದೇ ಚಳಿಗಾಲಕ್ಕೆ. ವಾರವಾರಕ್ಕೂ ನೀರು ಸರಿದು ಹೊಸ ಕೆಸರು ಬಿಟ್ಟುಕೊಡುತ್ತದೆ, ಆ ಕೆಸರಿನಲ್ಲಿ ಹುಳು ಇರುತ್ತದೆ, ಕೊಕ್ಕು ಅದನ್ನು ಹೆಕ್ಕುತ್ತದೆ. ಕೆರೆ ವಾರಕ್ಕೊಮ್ಮೆ ಸಂತೆ ಹೂಡಿದ ಹಾಗೆ.

ಹಾಗಾಗಿ ಹಕ್ಕಿಯ ಕಾಲಿನ ಉದ್ದ ನೋಡಿದರೆ ಅದರ ವಿಳಾಸ ಹೇಳಬಹುದು. ಒಣ ನೆಲದಿಂದ ನೀರಿನತ್ತ ಇಳಿಯುತ್ತ ಬನ್ನಿ. ಕಲ್ಲುಮಣ್ಣಿನ ಬಯಲಿನಲ್ಲಿ ಟಿಟ್ಟಿಭ ಗೂಡಿಲ್ಲದೆ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ತುಳಿಯುವವರೆಗೂ ಕಾಣದ ಬಣ್ಣ. ಒದ್ದೆ ಕೆಸರಿನಲ್ಲಿ ಸಣ್ಣ ಗೊರವಗಳು. ನಾಲ್ಕು ಬೆರಳು ನೀರಿನಲ್ಲಿ ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ಗೇಣುದ್ದದ ನೀರಿನಲ್ಲಿ ತಲೆ ಕೆಳಗೆ, ಬಾಲ ಮೇಲೆ ಮಾಡಿ ಮೇಯುವ ವರಟೆ ಬಾತು. ಅದಕ್ಕೂ ಆಳದಲ್ಲಿ ಗುಳುಮುಳುಕ, ನೀರುಕಾಗೆ. ನಾವು ಬಾಣಲೆ ಮಾಡಿದ ಕೆರೆಯಲ್ಲಿ ಮುಳುಗು ಹಾಕುವ ಹಕ್ಕಿಗಳು ಉಳಿದಾವು. ನಡೆಯುವ ಹಕ್ಕಿಗಳಿಗೆ ನಡೆಯಲು ಜಾಗವೇ ಇಲ್ಲ.

ದೇವನಕ್ಕಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ಬಾಲದ ದೇವನಕ್ಕಿಯನ್ನು ನೋಡಿಲ್ಲದವರು ಒಂದು ಬೆಳಿಗ್ಗೆಯನ್ನು ಅದಕ್ಕಾಗಿ ಕೊಡಿ. ನೈದಿಲೆ ಎಲೆಯ ಮೇಲೆ, ಜೇಡದಂಥ ಉದ್ದ ಬೆರಳುಗಳನ್ನು ಹರಡಿ, ಎಲೆ ಮುಳುಗುವುದಕ್ಕೆ ಮೊದಲೇ ಮುಂದಿನ ಎಲೆಗೆ ಕಾಲಿಡುತ್ತ ನಡೆಯುತ್ತದೆ. ಕತ್ತಿನ ಹಿಂದೆ ಹೊನ್ನಿನ ಬಣ್ಣ, ಕುಡುಗೋಲಿನಂತೆ ಬಾಗಿದ ಬಾಲ. ತೇಲುವ ಎಲೆಗಳ ಮೇಲೆಯೇ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಕಡೆ ಹೊರಟುಹೋಗುತ್ತದೆ. ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಎಲ್ಲ ಅಪ್ಪನದೇ. (ಮುಂದಿನ ಸಾಲಿನಲ್ಲಿ ಕೂತ ತಾಯಂದಿರು ನಗುತ್ತಿದ್ದೀರಿ, ನಗಿ.) ಈ ಇಡೀ ಸಂಸಾರ ನಿಂತಿರುವುದು ಬೇರೂರಿದ ನೈದಿಲೆಯ ಮೇಲೆ, ನೈದಿಲೆ ನಿಂತಿರುವುದು ಬೆಳಕು ತಳ ಮುಟ್ಟುವಷ್ಟು ಆಳದ ತಿಳಿನೀರಿನ ಮೇಲೆ. ‘ಕೆರೆ ಸ್ವಚ್ಛತೆ’ ಎಂದು ಆಗಸ್ಟ್ ತಿಂಗಳಿನಲ್ಲಿ ಎಲ್ಲ ಎಲೆಗಳನ್ನೂ ಎಳೆದು ದಡಕ್ಕೆ ಹಾಕಿ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಆಗ ಎಳೆದದ್ದು ಕಸವೊಂದೇ ಅಲ್ಲ.

ಕೀಳಬೇಕಾದದ್ದು ಬೇರೆ ಇದೆ. ನಗರದ ಕೆರೆಗಳ ಕಷ್ಟ ಇಳಿಜಾರಿನದಷ್ಟೇ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನ ಲಿಂಗಾಂಬುಧಿ 1828ರಲ್ಲಿ, ಕುಕ್ಕರಹಳ್ಳಿ ಕೆರೆ 1864ರಲ್ಲಿ ಕಟ್ಟಿದಾಗ ಅವು ಮಳೆನೀರಿನ ಕೆರೆಗಳು. ಈಗ ಊರು ಅವುಗಳನ್ನು ಸುತ್ತುವರಿದಿದೆ. ಚರಂಡಿ ನೀರು ಸೇರುವ ಕೆರೆ ವರ್ಷವಿಡೀ ತುಂಬಿರುತ್ತದೆ. ತುಂಬಿದ ಕೆರೆ ನೋಡಿ ನಮಗೆ ಸಂತೋಷ. ಆದರೆ ಇಳಿಯದ ಕೆರೆಯಲ್ಲಿ ಕೆಸರಿನ ಪಟ್ಟಿ ತೆರೆಯುವುದಿಲ್ಲ, ಸಂತೆ ಸೇರುವುದಿಲ್ಲ. ಕೊಳಚೆಯ ಗೊಬ್ಬರ ತಿಂದ ಜಲಕಳೆ ನೀರಿನ ಮೇಲೆ ಮುಚ್ಚಳ ಹಾಕುತ್ತದೆ. ಅದನ್ನು ಕೀಳಿಸಬೇಕು, ಹೌದು. ಆದರೆ ಕೊಳಚೆ ನಿಲ್ಲಿಸದೆ ಕೀಳಿಸುವುದು ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ.

ಜೊಂಡಿನ ಮಾತೂ ಇಷ್ಟೇ. ಒಂದಿಷ್ಟು ಜೊಂಡು ಬೇಕೇ ಬೇಕು. ನೇರಳೆ ಜಂಬುಕೋಳಿ, ಹುಂಡುಕೋಳಿ, ಉಲಿಯಕ್ಕಿಗಳಿಗೆ ಅದು ಮನೆ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೆ ಬೆಳೆದು, ಒಂದು ದಿನ ಕಡ್ಡಿಯೊಂದನ್ನು ಹಿಡಿದು ಮೇಲೆ ಬಂದು, ಬೆನ್ನು ಸೀಳಿಕೊಂಡು ರೆಕ್ಕೆ ಬಿಚ್ಚುತ್ತದೆ. ಆ ಕಡ್ಡಿ ಅಲ್ಲಿರಬೇಕು. ಆದರೆ ಕೊಳಚೆ ಬೀಳುವ ಕಡೆ ಜೊಂಡು ಊರನ್ನೇ ನುಂಗುತ್ತದೆ. ಕತ್ತರಿಸಿ, ಆದರೆ ಒಂದೇ ಸಲಕ್ಕೆ ಎಲ್ಲವನ್ನೂ ಅಲ್ಲ. ಈ ವರ್ಷ ಒಂದು ಪಾಲು, ಮುಂದಿನ ವರ್ಷ ಇನ್ನೊಂದು. ಮಳೆಗಾಲದಲ್ಲಿ ಬೇಡ, ಗೂಡುಗಳಿರುತ್ತವೆ. ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿ. ಜೊಂಡು ಒಣ ಕಡ್ಡಿಯ ಮೂಲಕವೂ ಬೇರಿಗೆ ಗಾಳಿ ಎಳೆದುಕೊಳ್ಳುತ್ತದೆ. ಕೊಯ್ದ ಬಾಯಿ ನೀರಿನಲ್ಲಿ ಮುಳುಗಿದ್ದರೆ ಗೆಡ್ಡೆ ಕೊಳೆಯುತ್ತದೆ. ಹಿಟಾಚಿ ತರಿಸುವ ಮೊದಲು ಕುಡುಗೋಲು ಹಿಡಿಯುವವರನ್ನು ಕೇಳಿ.

ಜೊಂಡಿದ್ದರೆ ಹಾವು, ಸೊಳ್ಳೆ ಎಂದು ಎಲ್ಲ ಸಭೆಗಳಲ್ಲೂ ಒಬ್ಬರಾದರೂ ಏಳುತ್ತಾರೆ. ಇವತ್ತೂ ಏಳುತ್ತೀರಿ, ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ. ಕೆರೆಯಂಚಿನಲ್ಲಿ ನೀವು ಹೆಚ್ಚಾಗಿ ಕಾಣುವುದು ನೀರೊಳ್ಳೆ, ಅದಕ್ಕೆ ವಿಷವಿಲ್ಲ. ಸೊಳ್ಳೆಯ ಮರಿಯನ್ನು ತಿನ್ನುವ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಎರಡೂ ಗಿಡವಿರುವ ತಿಳಿನೀರಿನಲ್ಲಿ ಹುಲುಸಾಗಿರುತ್ತವೆ. ರಾತ್ರಿ ನಿಮ್ಮನ್ನು ಕಚ್ಚುವ ಸೊಳ್ಳೆಯ ತವರು ಬೇರೆಯದು. ಅದು ನಮ್ಮದೇ ಚರಂಡಿ.

ಇನ್ನು ಗಿಡ ನೆಡುವ ಉತ್ಸಾಹ. ಪೂರ್ಣ ತುಂಬಿದಾಗ ನೀರು ಮುಟ್ಟುವ ಮಟ್ಟದಿಂದ ಮೇಲೆ ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ ನೆಡಿ, ಸಂತೋಷ. ಒಣಗಿ ನೀರಿಗೆ ಬಿದ್ದ ಮರವನ್ನು ಬಿಟ್ಟುಬಿಡಿ. ಹಾವಕ್ಕಿ ಮೀನು ಹಿಡಿದು ಬಂದು ರೆಕ್ಕೆ ಒಣಗಿಸಿಕೊಳ್ಳುವುದು, ಆಮೆ ಬಿಸಿಲು ಕಾಯಿಸುವುದು ಅದರ ಮೇಲೆ. ಆದರೆ ಎಲ್ಲ ದಂಡೆಗೂ ಮರ ಬೇಕಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ, ಮಂಗೋಲಿಯಾದಂಥ ದೂರದಿಂದ. ಬೆಳ್ಳಗಿನ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ರಾತ್ರಿ ಹೊಲಗದ್ದೆಗಳಲ್ಲಿ ಮೇಯ್ದು ಹಗಲು ನೀರಿನಂಚಿಗೆ ಬಂದು ಕೂರುತ್ತವೆ. ಅವುಗಳಿಗೆ ಬೇಕಾದದ್ದು ನಾಯಿ, ನರಿ ದೂರದಿಂದಲೇ ಕಾಣುವಂಥ ಬಟ್ಟಬಯಲು, ಮೊಟಕು ಹುಲ್ಲು. ಅಲ್ಲಿ ಹೋಗಿ ವನಮಹೋತ್ಸವ ಮಾಡಿದರೆ ಅತಿಥಿಯ ಹಾಸಿಗೆಯ ಮೇಲೆ ಬೀರು ಇಟ್ಟ ಹಾಗೆ. ದನ ಮೇಯಿಸುವವರು ಅಲ್ಲಿ ಯಾವ ಅರಣ್ಯ ಯೋಜನೆಗಿಂತಲೂ ಹೆಚ್ಚಿನ ಉಪಕಾರ ಮಾಡುತ್ತಿದ್ದಾರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಉದಾಹರಣೆ ಇನ್ನೂ ಸೂಕ್ಷ್ಮದ್ದು. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರಧನವನ್ನೂ ಕೊಡುತ್ತ ಬಂದಿದೆ. ಮರ ಉಳಿಯಿತು. ಊಟ? ಬಣ್ಣದ ಕೊಕ್ಕರೆ ಕಣ್ಣಿಂದ ನೋಡಿ ಮೀನು ಹಿಡಿಯುವುದಿಲ್ಲ. ತೆಳುನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ಅದ್ದಿ ಅತ್ತಿತ್ತ ಆಡಿಸುತ್ತದೆ. ಮೀನು ತಗುಲಿದೊಡನೆ ಮುಚ್ಚುತ್ತದೆ. ಸುತ್ತಲಿನ ಕೆರೆಗಳೆಲ್ಲ ಬಾಣಲೆಯಾದರೆ ಅದಕ್ಕೆ ನಿಲ್ಲಲು ನೆಲವಿಲ್ಲ. ಊರಿನ ಹುಣಸೆ ಮರವನ್ನು ಕಾಯುವುದೂ ಪಕ್ಕದೂರಿನ ಕೆರೆಯ ಹಿನ್ನೀರನ್ನು ಕಾಯುವುದೂ ಒಂದೇ ಕೆಲಸ. ಆದರೆ ಕಡತಗಳು ಬೇರೆ ಬೇರೆ.

ಹಾಗಾದರೆ ನಾವೇಕೆ ಸುತ್ತ ಒಡ್ಡು ಹಾಕಿದೆವು? ಎಲ್ಲರೂ ದಡ್ಡರಾಗಿರಲಿಲ್ಲ. ಒತ್ತುವರಿಯ ಭಯ. ಬೇಸಗೆಯಲ್ಲಿ ಒಣಗಿದ ಕೆರೆಯಂಗಳ ಮೊದಲು ಸೌತೆಕಾಯಿ ಹಾಕುವಷ್ಟು ಜಾಗವಾಗಿ ಕಾಣುತ್ತದೆ, ಆಮೇಲೆ ರಾಗಿ ಹೊಲ, ಆಮೇಲೆ ನಿವೇಶನ. ಒಡ್ಡು ಹಾಕಿದರೆ ಗಡಿಯಾದರೂ ನಿಲ್ಲುತ್ತದಲ್ಲ ಎಂದು ನಾವೇ ಕೆರೆಯ ಒಳಗೆ ಸರಿದು ಒಡ್ಡು ಹಾಕಿ, ಹೊರಗೆ ಉಳಿದ ನೆಲವನ್ನು ಒತ್ತುವರಿದಾರರಿಗೆ ಧಾರೆಯೆರೆದೆವು. ಗಡಿ ನಿಲ್ಲಿಸಲು ಸರ್ವೆ ಕಲ್ಲು, ಒಂದು ಟ್ರೆಂಚು, ಅದರ ಮೇಲೆ ಲಕ್ಕಿಗಿಡದ ಬೇಲಿ ಸಾಕಿತ್ತು. ಕೆರೆಯ ಗಡಿ ಗುರುತಿಸಿ ಒತ್ತುವರಿ ತೆರವು ಮಾಡಿಸಲು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇದೆ. ಆದರೆ ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳ ಕಡೆ ನೋಡಬೇಡಿ. ನೀರಾವರಿಗೆಂದು ಮನುಷ್ಯ ಕಟ್ಟಿದ ಜಲಾಶಯಗಳನ್ನು ಅದು ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ನಮ್ಮ ಕೆರೆಗಳೆಲ್ಲ ಮನುಷ್ಯ ಕಟ್ಟಿದವೇ. ತಮಾಷೆಯೆಂದರೆ 2022ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿದ ನಮ್ಮ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡದ್ದೂ ಕಾವೇರಿಗೆ ಮನುಷ್ಯ ಒಡ್ಡು ಕಟ್ಟಿದ ಮೇಲೆಯೇ. ಹಕ್ಕಿ ಈ ವ್ಯತ್ಯಾಸ ಕೇಳುವುದಿಲ್ಲ.

ಹೂಳಿನ ಬಗ್ಗೆ ಒಂದು ಮಾತು. ಹಿಂದೆ ರೈತರು ಬೇಸಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಗೋಡುಮಣ್ಣು ತುಂಬಿಕೊಳ್ಳುತ್ತಿದ್ದರು. ಒಬ್ಬೊಬ್ಬರು ಒಂದೊಂದು ಕಡೆ ಅಗೆದು ಕೆರೆಯಂಗಳವೆಲ್ಲ ಗುಂಡಿ, ದಿಬ್ಬ. ಕೊನೆಯ ನೀರು ಆ ಗುಂಡಿಗಳಲ್ಲಿ ಉಳಿದು ಕೊರವ ಮೀನಿಗೂ ಕಪ್ಪೆಗೂ ಬೇಸಗೆ ದಾಟಿಸುತ್ತಿತ್ತು. ನಾವು ಯಂತ್ರ ತಂದು ಟೇಬಲ್ಲಿನ ಹಾಗೆ ಸಮ ಮಾಡಿದೆವು, ಮೇಲ್ಮಣ್ಣಿನಲ್ಲಿ ಮಲಗಿದ್ದ ಬೀಜಗಳ ಸಮೇತ. ಹೂಳು ತೆಗೆಸುವ ಪಂಚಾಯಿತಿ ಸದಸ್ಯರು ಇಲ್ಲಿದ್ದರೆ ಕೇಳಿಕೊಳ್ಳುತ್ತೇನೆ: ಹಿನ್ನೀರಿನ ಕಡೆ ಒಂದು ಪಟ್ಟಿಯನ್ನು ಮುಟ್ಟಬೇಡಿ. ಮರುವರ್ಷ ಕೆರೆಗೆ ಬೇಕಾದ ತುಂಗೆ, ಜೇಕು, ನೈದಿಲೆ ಅಲ್ಲಿಂದಲೇ ಬರುತ್ತದೆ, ನರ್ಸರಿಯಿಂದಲ್ಲ. ಹುಲ್ಲುಗೆಂಡೆ ಮೀನಿನ ಮರಿ ಬಿಡುವಾಗಲೂ ಯೋಚಿಸಿ. ಹೆಸರೇ ಹೇಳುವಂತೆ ಅದು ಆ ಸೊಪ್ಪನ್ನೆಲ್ಲ ಮೇಯ್ದುಬಿಡುತ್ತದೆ. ವಾಕಿಂಗ್ ಪಾತ್ ಏರಿಯ ಮೇಲಿರಲಿ. ಹಿನ್ನೀರಿನ ಕಡೆ ಬೇಡ, ದೀಪವೂ ಬೇಡ. ಒಂದು ಸುತ್ತು ಪೂರೈಸಲೇಬೇಕು ಎಂಬ ಹಟ ನಮ್ಮದು. ಹೋದ ದಾರಿಯಲ್ಲೇ ಮರಳಿದರೂ ಅಷ್ಟೇ ದೂರವಾಗುತ್ತದೆ.

ಆಮೆಯ ಕೆರೆಗೆ ಹಿಂದಿರುಗುತ್ತೇನೆ. ಆ ಊರಿನವರ ಮುಂದೆ ಕೂತು ನನ್ನ ತಪ್ಪನ್ನು ಹೇಳಿಕೊಂಡೆ. ‘ಸರ್, ಸರ್ಕಾರದ ದುಡ್ಡಲ್ಲಿ ಹಾಕಿಸಿದವರೇ ಕೀಳಿಸಿ ಅಂತೀರಲ್ಲ’ ಎಂದು ನಕ್ಕರು. ಒಂದು ವರ್ಷ ಓಡಾಡಿದ ಮೇಲೆ ಹಿನ್ನೀರಿನ ಕಡೆ ನಲವತ್ತು ಮೀಟರು ಕೀಳಲು ಒಪ್ಪಿಗೆ ಸಿಕ್ಕಿತು. ಕಲ್ಲು ತೆಗೆದು, ಒಡ್ಡನ್ನು ಕರಗಿಸಿ, ಮಣ್ಣನ್ನು ಒಳಕ್ಕೂ ಹೊರಕ್ಕೂ ಎಳೆದು ಇಳಿಜಾರು ಮಾಡಿದೆವು. ಏನನ್ನೂ ನೆಡಲಿಲ್ಲ. ಮೊದಲ ಮಳೆಗಾಲಕ್ಕೆ ಜೇಕು ತಾನಾಗಿ ಬಂತು. ಹೊನಗೊನೆ ಸೊಪ್ಪು ಬಂತು, ಹೆಂಗಸರು ಕೊಯ್ದುಕೊಂಡು ಹೋದರು. ಜನವರಿಯಲ್ಲಿ ಕೆಸರಿನ ಮೇಲೆ ಮೂರು ಗೊರವಗಳನ್ನು ಎಣಿಸಿದೆ. ಆಮೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಿತ್ತ ಕಲ್ಲು ಏನಾಯಿತು ಎಂದು ಲೆಕ್ಕ ಕೇಳುವವರು ಇಲ್ಲೂ ಇರಬಹುದು. ದನಗಳು ನೀರಿಗಿಳಿಯುವ ಕಡೆ ಒಂದು ಮೆಟ್ಟಿಲು ಕಟ್ಟಿಸಿದೆವು. ಉಳಿದದ್ದು ರಾತ್ರೋರಾತ್ರಿ ಯಾರದೋ ಕೊಟ್ಟಿಗೆಯ ತಳಪಾಯಕ್ಕೆ ಹೋಗಿದೆ. ಯಾರದೆಂದು ಗೊತ್ತು. ನಾನು ಕೇಳಲಿಲ್ಲ.