ವಾಕರ್ ಎಲ್ಲಿಗೆ ನಡೆದ?

ವಿಸ್ಕಿ ಬಾಟಲಿ ಮೇಲೆ ಟೋಪಿ ಹಾಕಿಕೊಂಡು ದಾಪುಗಾಲು ಇಡುವ ಆಸಾಮಿ ಗೊತ್ತಲ್ವಾ? ಜಾನಿ ವಾಕರ್. ಅವನ ಚಿತ್ರ ಬರೆದದ್ದು 1908ರಲ್ಲಿ. ಅವತ್ತಿನಿಂದ ನಡೆಯುತ್ತಲೇ ಇದ್ದಾನೆ. "ವಾಕರ್ ಅಂದ್ರೆ ವಾಕ್ ಮಾಡೋನು, ಅಷ್ಟೇ ತಾನೇ?" ಅಂತ ಗೆಳೆಯನೊಬ್ಬ ಕೇಳಿದ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೊದಲಿನ ವಾಕರ್‌ಗಳು ದಿನವಿಡೀ ಕಾಲಾಡಿಸಿದರೂ ತೊಟ್ಟಿ ಬಿಟ್ಟು ಆಚೆ ಹೋಗುತ್ತಿರಲಿಲ್ಲ!

ಬೇಸಿಕ್ಸ್ ಬೇಗ ಮುಗಿಸೋಣ. ಇಂಗ್ಲೆಂಡಿನ ಎಷ್ಟೋ ಅಡ್ಡಹೆಸರುಗಳು ಕಸುಬಿನಿಂದ ಬಂದವು. ಸ್ಮಿತ್ ಅಂದರೆ ಕಮ್ಮಾರ. ಟೇಲರ್ ನಿಮಗೇ ಗೊತ್ತು. ವಾಕರ್ ಉಣ್ಣೆ ಬಟ್ಟೆ ತುಳಿಯುವವನು. ಹಳೆಯ ಇಂಗ್ಲಿಷಿನಲ್ಲಿ ವಾಕ್ ಎಂಬ ಪದದ ಮೂಲ ರೂಪಕ್ಕೆ ಹೊರಳಿಸು, ಉರುಳಿಸು ಎಂಬ ಅರ್ಥವಿತ್ತು. ನಡೆಯುವ ಅರ್ಥ ಆಮೇಲೆ ಬಂತು.

ಸರಿ, ಯಾಕೆ ತುಳಿಯಬೇಕು? ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಸಡಿಲ, ಜಿಡ್ಡು ಜಿಡ್ಡು. ತೊಟ್ಟಿಯಲ್ಲಿ ನೆನೆಸಿ ಗಂಟೆಗಟ್ಟಲೆ ತುಳಿದರೆ ಜಿಡ್ಡು ಬಿಡುತ್ತದೆ, ಎಳೆಗಳು ಸಿಕ್ಕುಹಾಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಉಣ್ಣೆ ಸ್ವೆಟರನ್ನು ಬಿಸಿನೀರಲ್ಲಿ ಒಗೆದು ಕೆಡಿಸಿಕೊಂಡಿದ್ದೀರಾ? ಅದೇ ಕೆಲಸ. ಇವನು ಕೂಲಿ ತಗೊಂಡು ಬೇಕಂತಲೇ ಮಾಡುತ್ತಿದ್ದ.

ಯಾವುದರಲ್ಲಿ ನೆನೆಸುತ್ತಿದ್ದರು? ಊಟ ಮಾಡುತ್ತಾ ನೋಡುವವರು ಸ್ವಲ್ಪ ಪಾಸ್ ಮಾಡಿ. ಹಳೇ ಉಚ್ಚೆಯಲ್ಲಿ! ಕೆಲವು ದಿನ ಇಟ್ಟರೆ ಅದರಲ್ಲಿ ಅಮೋನಿಯಾ ಆಗುತ್ತದೆ, ಜಿಡ್ಡು ಕೀಳುತ್ತದೆ. ರೋಮ್‌ನಲ್ಲೂ ಇದೇ ಪದ್ಧತಿ. ಅಲ್ಲಿನ ಚಕ್ರವರ್ತಿ ವೆಸ್ಪಾಸಿಯನ್ ಉಚ್ಚೆಗೂ ತೆರಿಗೆ ಹಾಕಿದ. ಮಗ ಟೈಟಸ್ ಮೂಗು ಮುರಿದನಂತೆ. ಅಪ್ಪ ಆ ತೆರಿಗೆಯ ನಾಣ್ಯವನ್ನೇ ಅವನ ಮೂಗಿಗೆ ಹಿಡಿದು "ನಾತ ಬರುತ್ತಾ?" ಅಂದನಂತೆ. ನಮ್ಮ ಹಣಕಾಸು ಮಂತ್ರಿಗಳಿಗೆ ಈ ಕಥೆ ಯಾರೂ ಹೇಳಬೇಡಿ.

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ. 12ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೀರಿನ ಚಕ್ರದಿಂದ ನಡೆಯುವ ಮರದ ಸುತ್ತಿಗೆಗಳು ಬಂದು ಕಾಲಿನ ಕೆಲಸ ಹಿಡಿದವು. ಇದೇ ಕಸುಬಿಗೆ ಉತ್ತರದಲ್ಲಿ ವಾಕರ್, ನೈಋತ್ಯದಲ್ಲಿ ಟಕರ್, ದಕ್ಷಿಣ ಮತ್ತು ಪೂರ್ವದಲ್ಲಿ ಫುಲ್ಲರ್ ಅಂತ ಹೆಸರು. ಹಾಗಾಗಿ ಹೆಸರು ನೋಡಿದರೆ ಮನೆತನದ ಮೂಲ ಯಾವ ಕಡೆ ಅಂತ ಊಹಿಸಬಹುದು.

ಅಂದಹಾಗೆ, ಜಿಡ್ಡು ಹೀರಲು ಫುಲ್ಲರ್‌ಗಳು ಒಂದು ಥರದ ಜೇಡಿಮಣ್ಣನ್ನೂ ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಅದು ಫುಲ್ಲರ್ಸ್ ಅರ್ತ್. ನಮ್ಮಲ್ಲಿ ಮುಲ್ತಾನಿ ಮಿಟ್ಟಿ. ಹೌದು, ನೀವು ಮುಖಕ್ಕೆ ಹಚ್ಚಿಕೊಳ್ಳುವುದೇ! ಗಾಬರಿ ಬೇಡ, ಪ್ಯಾಕೆಟ್‌ನಲ್ಲಿ ಬರುವುದು ಮಣ್ಣು ಮಾತ್ರ.