ಎಷ್ಟು ಹಾಳೆ ಅಂತ ಕೇಳಬೇಡಿ, ಎಷ್ಟು ನಿಮಿಷ ಅಂತ ಕೇಳಿ

ನಮಸ್ಕಾರ. ಮನೆಗೊಂದು ಪೇಪರ್ ಶ್ರೆಡರ್, ಅಂದರೆ ಕಾಗದ ಚೂರು ಮಾಡುವ ಮಷೀನು, ತರಬೇಕು ಅಂದುಕೊಂಡಿದ್ದೀರಾ? ಅಥವಾ ಮನೆಯಲ್ಲಿರುವ ಶ್ರೆಡರ್ ಮಧ್ಯೆ ಮಧ್ಯೆ ನಿಂತು ತಲೆ ತಿನ್ನುತ್ತಿದೆಯಾ? ಹಾಗಿದ್ದರೆ ಇವತ್ತಿನ ಮಾತು ನಿಮಗೇ.

ಶ್ರೆಡರ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ಒಂದು ಸಲಕ್ಕೆ 8 ಹಾಳೆ, 10 ಹಾಳೆ, 12 ಹಾಳೆ. ನಾವೆಲ್ಲ ಅದನ್ನೇ ನೋಡಿ ಕೊಳ್ಳುತ್ತೇವೆ. ಆದರೆ ಮೋಟರ್ ಎಷ್ಟು ವರ್ಷ ಬಾಳುತ್ತದೆ ಅನ್ನೋದನ್ನು ಹೇಳುವ ಅಂಕಿಯೇ ಬೇರೆ. ಅದು ಡಬ್ಬದ ಪಕ್ಕದಲ್ಲೋ ಮ್ಯಾನ್ಯುಯಲ್ ಒಳಗೆಲ್ಲೋ ಸಣ್ಣಗೆ ಇರುತ್ತದೆ. ಉದಾಹರಣೆಗೆ, 2 ನಿಮಿಷ ಓಡಿಸಿ, 30 ನಿಮಿಷ ಬಿಡಿ. ಇದನ್ನು ಡ್ಯೂಟಿ ಸೈಕಲ್ ಅನ್ನುತ್ತಾರೆ. ಹಾಳೆಯ ಅಂಕಿ ಎಷ್ಟು ದಪ್ಪಗಿದೆಯೋ ಅಷ್ಟೇ ದಪ್ಪಗೆ, ಅದರ ಪಕ್ಕದಲ್ಲೇ ಇದನ್ನೂ ಅಚ್ಚು ಹಾಕಬೇಕು ಅನ್ನೋದು ನನ್ನ ವಾದ.

ಒಂದು ಲೆಕ್ಕ ಹಾಕೋಣ. ಕಪಾಟು ಖಾಲಿ ಮಾಡಿದಿರಿ. ಹಳೆಯ ಬ್ಯಾಂಕ್ ಕಾಗದ, ಬಿಲ್ಲು, ಜೆರಾಕ್ಸ್ ಎಲ್ಲ ಸೇರಿ 500 ಹಾಳೆ ಆಯಿತು ಅಂದುಕೊಳ್ಳಿ. ಮಷೀನು ನಿಮಿಷಕ್ಕೆ 2 ಮೀಟರ್ ಕಾಗದ ಎಳೆಯುತ್ತದೆ ಅಂತಲೂ ಇಟ್ಟುಕೊಳ್ಳಿ. ಎ4 ಹಾಳೆಯ ಉದ್ದ 297 ಮಿಲಿಮೀಟರ್. ಹಾಳೆ ಜೋಡಿಸಿ ಬಾಯಿಗೆ ಕೊಡುವ ಹೊತ್ತನ್ನೂ ಸೇರಿಸಿದರೆ 2 ನಿಮಿಷದಲ್ಲಿ ಸುಮಾರು 10 ಸಲ ಹಾಕಬಹುದು. ಸಲಕ್ಕೆ 10 ಹಾಳೆ ಹಾಕಿದರೂ 100 ಹಾಳೆಗೆ ಒಂದು ಸರದಿ ಮುಗಿಯಿತು. 500 ಹಾಳೆಗೆ 5 ಸರದಿ, ನಡುವೆ 4 ಸಲ ಅರ್ಧರ್ಧ ಗಂಟೆ ಬಿಡುವು. ಅಂದರೆ 10 ನಿಮಿಷದ ಕೆಲಸಕ್ಕೆ 2 ಗಂಟೆ ಕಾಯಬೇಕು. ಸಲಕ್ಕೆ 6 ಹಾಳೆಯಂತೆ ಹಾಕಿದರೆ 9 ಸರದಿ. ಆಗ ಬಿಡುವೇ 4 ಗಂಟೆ.

ಯಾರು ಕಾಯುತ್ತಾರೆ ಹೇಳಿ? ಒಂದೇ ಸಮನೆ ಹಾಕುತ್ತಾ ಹೋಗುತ್ತಾರೆ. ಮಷೀನು ತಾನಾಗಿ ನಿಂತಾಗ ಮಾತ್ರ ನಿಲ್ಲಿಸುತ್ತಾರೆ. ತಪ್ಪು ಅವರದ್ದಲ್ಲ. ಕೊಳ್ಳುವ ಮೊದಲು ಈ ಲೆಕ್ಕವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಈಗ ಒಳಗೆ ಏನಾಗುತ್ತದೆ ನೋಡೋಣ. ಕಡಿಮೆ ಬೆಲೆಯ ಶ್ರೆಡರ್‌ಗಳಲ್ಲಿ ಸಾಮಾನ್ಯವಾಗಿ ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಇರುವ ಮೋಟರ್ ಇರುತ್ತದೆ. ಮಿಕ್ಸಿ, ಡ್ರಿಲ್ಲಿಂಗ್ ಮಷೀನ್‌ಗಳಲ್ಲಿ ಇರುವ ಜಾತಿಯದ್ದೇ. ಗಾತ್ರ ಸಣ್ಣದು, ಶಕ್ತಿ ಜಾಸ್ತಿ, ವೇಗ ಸಾವಿರಗಟ್ಟಲೆ ಸುತ್ತು. ಆ ವೇಗವನ್ನು ಗೇರುಗಳು ಇಳಿಸಿ, ಹಲ್ಲಿನ ಉರುಳೆಗಳನ್ನು ನಿಧಾನವಾಗಿ, ಬಲವಾಗಿ ತಿರುಗಿಸುತ್ತವೆ. ಕಾಗದ ದಪ್ಪವಾದಷ್ಟೂ ಮೋಟರ್ ತಿಣುಕುತ್ತದೆ. ತಿಣುಕಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ. ವೈಂಡಿಂಗ್‌ನ, ಅಂದರೆ ಮೋಟರಿನೊಳಗೆ ಸುತ್ತಿರುವ, ತಾಮ್ರದ ತಂತಿಯಲ್ಲಿ ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. ಸ್ವಲ್ಪ ಜಾಸ್ತಿ ಹಾಳೆ ಹಾಕಿದರೆ ಸ್ವಲ್ಪ ಜಾಸ್ತಿ ಬಿಸಿ ಅಂದುಕೊಳ್ಳಬೇಡಿ. ಏರಿಕೆ ಅದಕ್ಕಿಂತ ಜೋರಾಗಿರುತ್ತದೆ.

ಇನ್ನು ಜಾಮ್ ಆಗುವ ಕ್ಷಣ. ಮೋಟರ್ ತಿರುಗುತ್ತಿರುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ. ಕರೆಂಟನ್ನು ಹತೋಟಿಯಲ್ಲಿ ಇಡುವುದು ಅದೇ. ಕಾಗದ ಸಿಕ್ಕಿಕೊಂಡು ಮೋಟರ್ ನಿಂತುಬಿಟ್ಟರೆ ಆ ತಡೆ ಇಲ್ಲ. ಕರೆಂಟ್ ಹಲವು ಪಟ್ಟು ಏರುತ್ತದೆ. ಮೋಟರಿನ ಫ್ಯಾನ್ ಅದೇ ಶಾಫ್ಟಿಗೆ ಕೂತಿದ್ದರೆ ಅದೂ ನಿಲ್ಲುತ್ತದೆ. ಗಾಳಿ ತೀರಾ ಬೇಕಾದಾಗಲೇ ಗಾಳಿ ಇಲ್ಲ! ಜಾಮ್ ಆದಾಗ ಸ್ವಿಚ್ ಒತ್ತಿ ಹಿಡಿದು 'ಹೋಗು, ಹೋಗು' ಅಂತ ಬಲವಂತ ಮಾಡಲೇಬೇಡಿ. ತಕ್ಷಣ ರಿವರ್ಸ್ ಹಾಕಿ.

ಬಿಸಿ ಮಿತಿ ಮೀರಿದರೆ ಥರ್ಮಲ್ ಕಟ್‌ಆಫ್ ಕರೆಂಟ್ ನಿಲ್ಲಿಸುತ್ತದೆ. ಒಳ್ಳೆಯದೇ. ಆದರೆ ಅದನ್ನು ದಿನಬಳಕೆಯ ಸ್ವಿಚ್ ಥರ ನೋಡುವವರು ಬಹಳ. ನಿಂತರೆ ನಿಲ್ಲಲಿ, ತಣ್ಣಗಾದ ಮೇಲೆ ಮತ್ತೆ ಓಡುತ್ತೆ ಅಲ್ವಾ ಅನ್ನುತ್ತಾರೆ. ಓಡುತ್ತೆ, ನಿಜ. ಆದರೆ ವೈಂಡಿಂಗ್ ತಂತಿಯ ಮೇಲಿನ ಇನ್ಸುಲೇಷನ್ (ಕರೆಂಟ್ ಹೊರಗೆ ಹರಿಯದಂತೆ ತಡೆಯುವ ಲೇಪ) ಪ್ರತಿ ಸಲವೂ ಅಷ್ಟಷ್ಟೇ ಸವೆಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇನ್ಸುಲೇಷನ್‌ನ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಅನ್ನೋದು ಎಂಜಿನಿಯರುಗಳ ಹಳೆಯ ಅಂದಾಜು ಸೂತ್ರ. ಕಟ್‌ಆಫ್ ಬಿದ್ದಾಗಲೆಲ್ಲ ಮೋಟರ್ ತನ್ನ ಮಿತಿ ಮುಟ್ಟಿ ಬಂದಿದೆ ಅಂತಲೇ ಅರ್ಥ. ಹಾಗೆ ನಿಂತಾಗ ಸ್ವಿಚ್ ಆಫ್ ಮಾಡಿಡಿ. ಇಲ್ಲದಿದ್ದರೆ ತಣ್ಣಗಾದ ಮೇಲೆ ಯಾರೂ ಇಲ್ಲದ ಹೊತ್ತಲ್ಲಿ ತಾನಾಗಿ ಶುರುವಾಗಬಹುದು.

ಕಟ್‌ಆಫ್ ಬೀಳುವವರೆಗೂ ಕಾಯಬೇಕಿಲ್ಲ. ಕಿವಿಗೇ ಗೊತ್ತಾಗುತ್ತದೆ. ಖಾಲಿ ಓಡುವಾಗ ಸ್ವರ ತೆಳ್ಳಗೆ, ಮೇಲಿರುತ್ತದೆ. ಕಾಗದ ಹಿಡಿದ ಕೂಡಲೇ ಸ್ವಲ್ಪ ಇಳಿದು ಅಲ್ಲೇ ನಿಲ್ಲಬೇಕು. ಹಾಳೆಯ ಕೊನೆಯವರೆಗೂ ಇಳಿಯುತ್ತಲೇ ಹೋದರೆ, ಗೊರ್ ಅಂತ ನರಳಿದರೆ, ಹೊರೆ ಜಾಸ್ತಿಯಾಯಿತು ಅಂತಲೇ. ಮುಂದಿನ ಸಲ ಎರಡು ಹಾಳೆ ಕಡಿಮೆ ಮಾಡಿ. ವಾರ್ನಿಷ್ ಕಾದ ಹಾಗೆ ಘಾಟು ಬಂದರೆ ಆವತ್ತಿಗೆ ಸಾಕು, ಪ್ಲಗ್ ಕೀಳಿ.

ಡಬ್ಬದಲ್ಲಿ 10 ಹಾಳೆ ಅಂತ ಇದೆಯಲ್ಲ, ಅದು ಹೊಸ, ಒಣ, ಮಡಿಕೆಯಿಲ್ಲದ ಹಾಳೆಯ ಮಾತು. ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ ಕಾಗದ, ಅಂದರೆ ಒಂದು ಚದರ ಮೀಟರ್ ಕಾಗದಕ್ಕೆ ಅಷ್ಟು ಗ್ರಾಂ ತೂಕ. ಅದೂ ಗರಿಷ್ಠ ಮಿತಿ, ದಿನದ ಅಳತೆಯಲ್ಲ. ಮನೆಯಲ್ಲಿ ನಾವು ಹಾಕುವುದು ಏನು? ಮೂರು ಮಡಿಕೆಯ ಪತ್ರ. ಅಂಥ 4 ಹಾಳೆ ಒಟ್ಟಿಗೆ ಹಾಕಿದರೆ 12 ಪದರ ಆಯಿತು. ಅಂಟು ಇರುವ ಕವರು, ಸ್ಟೇಪ್ಲರ್ ಪಿನ್ನು, ತೇವ ಹಿಡಿದ ಕಾಗದ ಎಲ್ಲ ಇನ್ನೂ ಕಷ್ಟ. ಹೇಳಿದ ಅಂಕಿಯ ಮೂರನೇ ಎರಡು ಭಾಗ ಹಾಕುವುದು ನನ್ನ ಅಭ್ಯಾಸ. ಮಡಿಕೆಯನ್ನಂತೂ ಬಿಡಿಸಿಯೇ ಹಾಕುತ್ತೇನೆ.

ಚೂರು ಎಷ್ಟು ಸಣ್ಣದಾಗಬೇಕು ಅನ್ನೋದೂ ಮೋಟರಿಗೇ ಬಂದು ತಟ್ಟುತ್ತದೆ. ಡಿನ್ 66399 ಅಂತ ಒಂದು ಜರ್ಮನ್ ಮಾನದಂಡ ಇದೆ. ಅದರ ಪ್ರಕಾರ ಪಿ-4 ದರ್ಜೆಯಲ್ಲಿ ಒಂದು ಚೂರು ಹೆಚ್ಚೆಂದರೆ 160 ಚದರ ಮಿಲಿಮೀಟರ್ ಇರಬಹುದು. ಪಿ-5ರಲ್ಲಿ 30. ಅಂದರೆ ಒಂದು ಎ4 ಹಾಳೆ ಪಿ-4ರಲ್ಲಿ ಕನಿಷ್ಠ 390 ಚೂರು, ಪಿ-5ರಲ್ಲಿ 2,000ಕ್ಕೂ ಜಾಸ್ತಿ. ಮೋಟರ್ ಅದೇ, ಕತ್ತರಿಸುವ ಕೆಲಸ ಎಷ್ಟೋ ಪಟ್ಟು. ಮನೆಯ ಬ್ಯಾಂಕ್ ಕಾಗದ, ಬಿಲ್ಲಿಗೆ ಪಿ-4 ಧಾರಾಳ ಸಾಕು. ಸುಮ್ನೆ ಮೈಕ್ರೋ ಕಟ್ (ತೀರಾ ಸಣ್ಣ ಚೂರು) ಬೇಕು ಅಂತ ಹಟ ಹಿಡಿದು, ಸಣ್ಣ ಮೋಟರಿನ ಮಷೀನ್ ತಂದರೆ ಅದಕ್ಕೆ ಅನ್ಯಾಯ ಮಾಡಿದ ಹಾಗೆ.

ಎಣ್ಣೆಯ ವಿಷಯಕ್ಕೆ ಬರೋಣ. ಹಲ್ಲುಗಳು ಒಣಗಿ ಕಾಗದದ ಪುಡಿ ಮೆತ್ತಿಕೊಂಡರೆ, ನೀವು ಹಾಕುವುದು ನಾಲ್ಕೇ ಹಾಳೆಯಾದರೂ ಮೋಟರಿಗೆ ಅದು ಎಂಟರ ಹೊರೆ. ಶ್ರೆಡರ್ ಎಣ್ಣೆಯನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದ ಹಾಗೆ ಹಾಕಿ, ಆ ಹಾಳೆಯನ್ನು ಒಳಗೆ ಬಿಡಿ. ಆಮೇಲೆ ಕೆಲವು ಸೆಕೆಂಡು ರಿವರ್ಸ್ ಓಡಿಸಿ. ಸ್ಪ್ರೇ ಡಬ್ಬಿ ಮಾತ್ರ ಬೇಡವೇ ಬೇಡ. ಬ್ರಷ್ ಮೋಟರ್ ಓಡುವಾಗ ಒಳಗೆ ಕಿಡಿ ಹಾರುತ್ತಿರುತ್ತದೆ. ಸ್ಪ್ರೇ ಡಬ್ಬಿಯ ಗ್ಯಾಸ್ ಹೊತ್ತಿಕೊಳ್ಳುವಂಥದ್ದಾದರೆ ಮಷೀನೇ ಭಗ್ ಅಂದೀತು. ಧೂಳು ತೆಗೆಯುವ ಗಾಳಿ ಡಬ್ಬಿಗೂ ಇದೇ ಮಾತು.

ಹಾಗಾದರೆ ಯಾವುದು ಕೊಳ್ಳಬೇಕು? ವಾರಕ್ಕೆ ಹತ್ತಿಪ್ಪತ್ತು ಹಾಳೆ ಮಾತ್ರ ಇದ್ದರೆ ಬ್ರಷ್ ಮೋಟರಿನ ಸಣ್ಣ ಮಷೀನೇ ಸಾಕು, ಬಹಳ ವರ್ಷ ಬರುತ್ತದೆ. ರಾಶಿ ರಾಶಿ ಕಾಗದ ಇದ್ದರೆ ಇಂಡಕ್ಷನ್ ಮೋಟರ್ ಇರುವುದನ್ನು ಹುಡುಕಿ. ಅದರಲ್ಲಿ ಬ್ರಷ್ ಇಲ್ಲ, ಸವೆಯುವುದು ಕಡಿಮೆ, ಸದ್ದೂ ಕಡಿಮೆ. ತೂಕ ಮತ್ತು ಬೆಲೆ ಜಾಸ್ತಿ. ವ್ಯಾಟ್ ಅಂಕಿ ನೋಡಿ ಮರುಳಾಗಬೇಡಿ. ವ್ಯಾಟ್ ಹೇಳುವುದು ಮೋಟರ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಎಷ್ಟು ಹೊತ್ತು ದುಡಿಯುತ್ತದೆ ಅಂತಲ್ಲ. ಗೇರು ಲೋಹದ್ದಾ ಪ್ಲಾಸ್ಟಿಕ್‌ನದ್ದಾ ಅಂತಲೂ ಕೇಳಿ. ಮೋಟರ್ ಗಟ್ಟಿಯಿದ್ದು ಗೇರು ಪ್ಲಾಸ್ಟಿಕ್ ಆಗಿದ್ದರೆ, ಜಾಮ್ ಆದಾಗ ಮುರಿಯುವುದು ಗೇರಿನ ಹಲ್ಲೇ. ಆಮೇಲೆ ಮೋಟರ್ ಜುಯ್ ಅಂತ ತಿರುಗುತ್ತಿರುತ್ತದೆ, ಉರುಳೆ ಅಲ್ಲಾಡುವುದಿಲ್ಲ.

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಾರ್ಬನ್ ಬ್ರಷ್ ಅಂದರೆ ಬೆರಳ ತುದಿಯಲ್ಲಿ ಹಿಡಿಯುವಷ್ಟು ಸಣ್ಣ ಕರಿ ತುಂಡು, ಹಿಂದೊಂದು ಸ್ಪ್ರಿಂಗ್. ಅದು ಸವೆಯಲೆಂದೇ ಇರುವ ವಸ್ತು. ಡ್ರಿಲ್ಲಿಂಗ್ ಮಷೀನ್‌ನಲ್ಲಿ ಎಷ್ಟೋ ಕಡೆ ಹೊರಗಿನಿಂದ ಮುಚ್ಚಳ ತಿರುಗಿಸಿ ಬದಲಿಸಬಹುದು. ಶ್ರೆಡರ್‌ನಲ್ಲಿ ಯಾಕೆ ಆಗಬಾರದು? ಒಂದು ಗೇರು, ಒಂದು ಜೊತೆ ಬ್ರಷ್ ಸಿಗಲಿಲ್ಲ ಅಂತ ಕಬ್ಬಿಣದ ಉರುಳೆ, ತಾಮ್ರದ ವೈಂಡಿಂಗ್ ಎಲ್ಲವನ್ನೂ ಕಸಕ್ಕೆ ಹಾಕಬೇಕಾ? ಹಾಗಾಗಿ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಎಷ್ಟು ನಿಮಿಷ ಓಡುತ್ತದೆ? ಎಷ್ಟು ನಿಮಿಷ ಬಿಡಬೇಕು? ಗೇರು, ಬ್ರಷ್ ಬಿಡಿಯಾಗಿ ಸಿಗುತ್ತವಾ? ಉತ್ತರ ಕೊಡದಿದ್ದರೆ ಆ ಮಷೀನನ್ನು ಅಲ್ಲೇ ಬಿಟ್ಟು ಬನ್ನಿ.