ಮಗುವಿನ ಖರ್ಚಿಗೊಂದು ನೋಟ್‌ಬುಕ್ ಇಡಿ

ಗದಗಿನ ಅಕ್ಕಂದಿರೇ, ಹಿಂದೆ ಕೂತಿರುವ ನಾಲ್ಕೈದು ಅಣ್ಣಂದಿರೇ, ನಮಸ್ಕಾರ. ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಇದನ್ನೇ: "ಮೇಡಂ, ಗಂಡ ಹೆಂಡತಿ ಬೇರೆಯಾದರೆ ಅಪ್ಪ ಮಗುವಿಗೆ ಪಗಾರದ ಕಾಲು ಭಾಗ ಕೊಡಬೇಕಂತೆ, ಹೌದಾ?"

ಕಾಯ್ದೆಯಲ್ಲಿ ಹಾಗೆ ಎಲ್ಲೂ ಬರೆದಿಲ್ಲ. ಶೇಕಡಾ 25ರ ಮಾತು 2017ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ಬಂತು, ಅದೂ ಹೆಂಡತಿಯ ಜೀವನಾಂಶದ ವಿಷಯಕ್ಕೆ. 2001ರವರೆಗೆ ಜೀವನಾಂಶದ ಹಳೇ ಕಲಂನಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂನಲ್ಲಿ, ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಸಿಗುತ್ತಿರಲಿಲ್ಲ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಂ, ಮಿತಿಯೂ ಇಲ್ಲ.

ಹಾಗಾದರೆ ಲೆಕ್ಕ ಹೇಗೆ? ಮಗುವಿಗೆ ಎಷ್ಟು ಬೇಕು, ಅಪ್ಪ ಅವ್ವನಿಗೆ ಎಷ್ಟು ಬರುತ್ತದೆ, ಇವೆರಡನ್ನೂ ನೋಡುತ್ತಾರೆ. ಊಟ, ಬಟ್ಟೆ, ಮನೆ, ಔಷಧಿ, ಶಾಲೆ, ಟ್ಯೂಷನ್ ಎಲ್ಲ ಇದರಲ್ಲಿ ಬರುತ್ತವೆ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ಪ್ರಕಾರ ಓದಿನ ಖರ್ಚು ಸಾಮಾನ್ಯವಾಗಿ ತಂದೆಯದು. ತಾಯಿಗೂ ಸಾಕಷ್ಟು ದುಡಿಮೆ ಇದ್ದರೆ ಪಾಲು ಹಂಚಬಹುದು. ಸುಮ್ನೆ ಒಂದು ಲೆಕ್ಕ ಹಿಡಿಯಿರಿ. ಅಪ್ಪನಿಗೆ 36,000, ಅವ್ವನಿಗೆ 12,000, ಮಗುವಿನ ಖರ್ಚು 9,000. ಗಳಿಕೆ ಮೂರಕ್ಕೆ ಒಂದು. ಅಪ್ಪನ ಪಾಲು 6,750, ಅವ್ವನದು 2,250. ನ್ಯಾಯಾಧೀಶರು ಇದನ್ನೇ ಹಿಡಿಯಬೇಕೆಂದಿಲ್ಲ. ರಾತ್ರಿ ಜ್ವರ ಬಂದಾಗ ಎದ್ದು ಕೂರುವುದಕ್ಕೆ ಯಾವ ಕಾಲಂ ಇದೆ, ಹೇಳಿ!

ಆ 9,000 ನಿಜ ಅಂತ ತೋರಿಸುವುದೇ ಕಷ್ಟ. ಒಬ್ಬ ತಾಯಿ ಗೆರೆ ಎಳೆದ ನೋಟ್‌ಬುಕ್ ತಂದಿದ್ದರು. "ಶೂ 450. ಆಟೋ 900. ಕೆಮ್ಮಿನ ಔಷಧಿ 118." ಬಿಲ್ಲುಗಳನ್ನು ಅಲ್ಲೇ ಪಿನ್ ಹಾಕಿದ್ದರು. ನನಗೆ ಅರ್ಧ ಕೆಲಸ ಕಡಿಮೆಯಾಯಿತು.

ಅತ್ತ ಅಪ್ಪ "ನನಗೆ ಗಳಿಕೆಯೇ ಇಲ್ಲ" ಅಂತಾನೆ. ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವನಿಗೆ ಪಗಾರದ ಚೀಟಿ ಎಲ್ಲಿಂದ ಬರಬೇಕು? ಅದಕ್ಕೇ ರಜನೇಶ್ ತೀರ್ಪು ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ (ಪ್ರಮಾಣಪತ್ರ) ಕೊಡಬೇಕು ಅಂದಿದೆ. ಬ್ಯಾಂಕ್ ಪಾಸ್‌ಬುಕ್, ಹೊಲದ ಉತಾರ, ಗಾಡಿಯ ಕಂತು ಎಲ್ಲ ಮಾತಾಡುತ್ತವೆ. ಪಗಾರದಲ್ಲಿ ತೆರಿಗೆಯಂಥ ಕಡ್ಡಾಯ ಕಡಿತ ಕಳೆದು ಲೆಕ್ಕ ಹಿಡಿಯಬಹುದು. ತಾನಾಗಿ ಎತ್ತಿದ ಸಾಲದ ಕಂತು ತೋರಿಸಿ ಮಗುವಿನ ಪಾಲು ಕಡಿಮೆ ಮಾಡಲು ಕೋರ್ಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ.

"ಮಗು ನೋಡಲು ಬಿಟ್ಟರೆ ರೊಕ್ಕ ಕೊಡ್ತೀನಿ" ಅನ್ನುವವರಿದ್ದಾರೆ. "ರೊಕ್ಕ ಕೊಟ್ಟರೆ ನೋಡಲು ಬಿಡ್ತೀನಿ" ಅನ್ನುವವರೂ ಕಡಿಮೆಯಿಲ್ಲ. ಎರಡೂ ಬೇರೆ ಬೇರೆ ವಿಷಯ. ಅದು ವ್ಯಾಪಾರ ಅಲ್ವಲ್ಲ.

ಆದೇಶ ಆದ ಮೇಲೂ ರೊಕ್ಕ ಬರದಿದ್ದರೆ? ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿ. ತಡ ಮಾಡಿದರೆ 144ನೇ ಕಲಂನಲ್ಲಿ ಹಳೇ ಬಾಕಿಗೆ ವಾರಂಟ್ ಸಿಗುವುದಿಲ್ಲ. ವಕೀಲರ ಫೀಗೆ ಹೆದರಬೇಡಿ. ಆದಾಯ ಎಷ್ಟಿದ್ದರೂ ಹೆಂಗಸರಿಗೆ, ಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಎರಡನೇ ಸಾಲಿನ ಅಕ್ಕ ಆಗಿನಿಂದ ಕೈ ಎತ್ತಿದ್ದಾರೆ. ಕೇಳಿ ಅಕ್ಕಾ.